ವಸಡಿನೊಳಗೆ ಮುರಿದ ಹಲ್ಲು: ವಸಡು ಕತ್ತರಿಸುವುದೇ, ಮೂಳೆ ತಗ್ಗಿಸುವುದೇ, ಬೇರನ್ನೇ ಈಚೆಗೆಳೆಯುವುದೇ?

ಹುಳುಕು ವಸಡಿನ ಒಳಗಿನವರೆಗೂ ಇಳಿದಿರುತ್ತದೆ, ಇಲ್ಲವೇ ಗಟ್ಟಿ ಪದಾರ್ಥ ಕಚ್ಚಿ ಹಲ್ಲು ವಸಡಿನ ಮಟ್ಟಕ್ಕೇ ಮುರಿದಿರುತ್ತದೆ. ರೂಟ್ ಕೆನಾಲ್ ಮಾಡಬಹುದು, ಆದರೆ ಕ್ಯಾಪ್ ಹಿಡಿದು ನಿಲ್ಲುವಷ್ಟು ಹಲ್ಲು ಹೊರಗಿಲ್ಲ. ಇಂಥ ಹೊತ್ತಿನಲ್ಲಿ ದಂತವೈದ್ಯರ ಬಾಯಲ್ಲಿ ಬರುವ ಮಾತು ‘ಕ್ರೌನ್ ಲೆಂಗ್ದೆನಿಂಗ್’. ಹೆಸರು ಕೇಳಿದರೆ ಹಲ್ಲನ್ನು ಉದ್ದ ಮಾಡುತ್ತಾರೆ ಅನ್ನಿಸುತ್ತದೆ. ಹಲ್ಲು ಇದ್ದಷ್ಟೇ ಇರುತ್ತದೆ. ಅದನ್ನು ಮುಚ್ಚಿಕೊಂಡಿರುವ ವಸಡನ್ನೂ, ಬಹಳಷ್ಟು ಸಲ ಅದರಡಿಯ ಮೂಳೆಯನ್ನೂ ತಗ್ಗಿಸಿ ಬೇರಿನ ಒಂದಿಷ್ಟು ಭಾಗವನ್ನು ಹೊರಗೆ ತರುತ್ತಾರೆ.

ಇದಲ್ಲದೆ ಬೇರೆ ದಾರಿಗಳೂ ಇವೆ. ವಸಡನ್ನಷ್ಟೇ ಕತ್ತರಿಸಬಹುದು, ತಂತಿ ಕಟ್ಟಿ ಬೇರನ್ನು ನಿಧಾನವಾಗಿ ಈಚೆಗೆಳೆಯಬಹುದು, ಆಳದಲ್ಲಿರುವ ಅಂಚನ್ನು ಫಿಲ್ಲಿಂಗ್‌ನಿಂದ ಎತ್ತರಿಸಬಹುದು, ಕಡೆಗೆ ಹಲ್ಲು ಕೀಳಿಸಿ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಅಥವಾ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕಟ್ಟು ಹಲ್ಲು) ಹಾಕಿಸಬಹುದು. ಕ್ಲಿನಿಕ್‌ನಲ್ಲಿ ಲೇಸರ್ ಇದೆಯೇ, ಯಾವುದು ಬೇಗ ಮುಗಿಯುತ್ತದೆ, ಯಾವುದರಲ್ಲಿ ನೋವು ಕಡಿಮೆ ಎಂಬ ಪ್ರಶ್ನೆಗಳಿಂದ ಈ ಆಯ್ಕೆ ಶುರುವಾಗಬಾರದು. ಗಟ್ಟಿಯಾಗಿ ಉಳಿದಿರುವ ಹಲ್ಲಿನ ಅಂಚಿನಿಂದ ಮೂಳೆಯ ಅಂಚಿಗೆ ಎಷ್ಟು ಮಿಲಿಮೀಟರ್ ಇದೆ? ಈ ಒಂದು ಅಳತೆ ಕೈಗೆ ಸಿಕ್ಕರೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಆ ಅಳತೆಯ ಲೆಕ್ಕ

ವಸಡು ಹಲ್ಲಿಗೆ ಸುಮ್ಮನೆ ಒರಗಿಕೊಂಡಿರುವುದಿಲ್ಲ. ಮೂಳೆಯ ಅಂಚಿನಿಂದ ಈಚೆಗೆ ಸುಮಾರು 1 ಮಿ.ಮೀ. ಉದ್ದಕ್ಕೆ ನಾರುಗಳು ಬೇರಿಗೆ ಬೆಸೆದುಕೊಂಡಿರುತ್ತವೆ. ಅದರಾಚೆ ಇನ್ನೊಂದು 1 ಮಿ.ಮೀ.ಯಷ್ಟು ಜೀವಕೋಶಗಳ ತೆಳುಪದರ ಹಲ್ಲಿಗೆ ಅಂಟಿರುತ್ತದೆ. ಅದಾದ ಮೇಲೆಯೇ ಹಲ್ಲಿಗೂ ವಸಡಿಗೂ ನಡುವಿನ ಬಿಡಿಯಾದ ಸಂದು. 1961ರಲ್ಲಿ ಗಾರ್ಗಿಯುಲೊ, ವೆಂಟ್ಸ್ ಮತ್ತು ಓರ್ಬನ್ ಕೊಟ್ಟ ಸರಾಸರಿಗಳು ಇಂದಿಗೂ ಬಳಕೆಯಲ್ಲಿವೆ: ನಾರಿನ ಭಾಗ 1.07 ಮಿ.ಮೀ., ಅಂಟಿದ ಪದರ 0.97 ಮಿ.ಮೀ., ಸಂದು 0.69 ಮಿ.ಮೀ. ಮೊದಲೆರಡನ್ನು ಕೂಡಿದರೆ ಬರುವ 2.04 ಮಿ.ಮೀ.ಗೆ ‘ಬಯಾಲಾಜಿಕ್ ವಿಡ್ತ್’ ಎಂದು ಹೆಸರು. 2018ರಲ್ಲಿ ಪ್ರಕಟವಾದ ವಸಡು ರೋಗಗಳ ಹೊಸ ವರ್ಗೀಕರಣ ಇದನ್ನು ‘ಸುಪ್ರಾಕ್ರೆಸ್ಟಲ್ ಟಿಶ್ಯೂ ಅಟ್ಯಾಚ್‌ಮೆಂಟ್’ ಎಂದು ಕರೆಯಿತು. ಹೆಸರು ಯಾವುದಾದರೂ ಸರಿ, ಇದು ಸರಾಸರಿ ಮಾತ್ರ ಎಂಬುದನ್ನು ಮರೆಯಬಾರದು. ಒಬ್ಬರಿಂದೊಬ್ಬರಿಗೆ, ಒಂದೇ ಬಾಯಿಯ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಇದು ಬದಲಾಗುತ್ತದೆ.

ಕ್ಯಾಪ್‌ನ ಅಂಚು ಈ 2 ಮಿ.ಮೀ. ಜಾಗದೊಳಗೆ ನುಗ್ಗಿದರೆ ದೇಹ ಸುಮ್ಮನಿರುವುದಿಲ್ಲ. ತನ್ನ ಜಾಗವನ್ನು ಮರಳಿ ಪಡೆಯಲು ಮೂಳೆಯನ್ನೇ ಕರಗಿಸುತ್ತದೆ. ಮೂಳೆಯೂ ವಸಡೂ ತೆಳ್ಳಗಿದ್ದವರಲ್ಲಿ ವಸಡು ಹಿಂದೆ ಸರಿದು ಕ್ಯಾಪ್‌ನ ಅಂಚು ಬಯಲಾಗುತ್ತದೆ. ದಪ್ಪ ವಸಡಿನವರಲ್ಲಿ ಹಾಗೆ ಸರಿಯುವುದಿಲ್ಲ, ಕ್ಯಾಪ್ ಸುತ್ತ ಸದಾ ಕೆಂಪಗೆ ಊದಿಕೊಂಡು ಹಲ್ಲುಜ್ಜಿದಾಗಲೆಲ್ಲ ರಕ್ತ ಬರುತ್ತದೆ. ಎಷ್ಟು ಉಜ್ಜಿದರೂ, ಎಷ್ಟು ಸಲ ಕ್ಲೀನಿಂಗ್ ಮಾಡಿಸಿದರೂ ಅದು ವಾಸಿಯಾಗುವುದಿಲ್ಲ, ಏಕೆಂದರೆ ತೊಂದರೆ ಕೊಳೆಯದಷ್ಟೇ ಅಲ್ಲ, ಜಾಗದ್ದು. ಹಾಗಾಗಿ ಸಂದಿಗೂ ಸೇರಿಸಿ, ಕ್ಯಾಪ್‌ನ ಅಂಚಿನಿಂದ ಮೂಳೆಗೆ 3 ಮಿ.ಮೀ. ಬಿಡುವುದು ರೂಢಿಯ ಲೆಕ್ಕ.

ಇದರ ಜೊತೆಗೆ ಹಿಡಿತದ ಲೆಕ್ಕವೂ ಇದೆ. ಉಳಿಯ ಮರದ ಹಿಡಿ ಸೀಳದಂತೆ ತುದಿಗೆ ಲೋಹದ ಬಳೆ ತೊಡಿಸುತ್ತಾರಲ್ಲ, ಕ್ಯಾಪ್ ಕೂಡ ಹಾಗೆಯೇ ಗಟ್ಟಿ ಹಲ್ಲನ್ನು ಸುತ್ತಲೂ 1.5ರಿಂದ 2 ಮಿ.ಮೀ. ಎತ್ತರಕ್ಕೆ ಅಪ್ಪಿ ಹಿಡಿಯಬೇಕು. ಆ ಗೋಡೆ ಕನಿಷ್ಠ 1 ಮಿ.ಮೀ. ದಪ್ಪ ಇರಬೇಕು. ಇದಕ್ಕೆ ಫೆರುಲ್ ಎನ್ನುತ್ತಾರೆ. ಇದು ಇಲ್ಲದಿದ್ದರೆ ಪೋಸ್ಟ್ (ಕ್ಯಾಪ್‌ಗೆ ಆಸರೆಯಾಗಿ ಬೇರಿನೊಳಗೆ ಕೂರಿಸುವ ಕಡ್ಡಿ) ಎಷ್ಟೇ ಒಳ್ಳೆಯದಿರಲಿ, ಕಚ್ಚುವ ಒತ್ತಡವೆಲ್ಲ ಬೇರಿನ ಒಳಗೆ ಹೋಗಿ ಕ್ಯಾಪ್ ಪೋಸ್ಟ್ ಸಮೇತ ಕಳಚಿ ಬರುತ್ತದೆ, ಇಲ್ಲವೇ ಬೇರು ಸೀಳುತ್ತದೆ. ಬೇರು ಸೀಳಿದ ಹಲ್ಲನ್ನು ಉಳಿಸಲಾಗುವುದಿಲ್ಲ.

3 ಮತ್ತು 1.5–2 ಸೇರಿದರೆ 4.5ರಿಂದ 5 ಮಿ.ಮೀ. ಹಲ್ಲಿನ ಸುತ್ತ ಎಲ್ಲ ಕಡೆಯೂ ಮೂಳೆಯಿಂದ ಇಷ್ಟು ಗಟ್ಟಿ ಹಲ್ಲು ಬೇಕು. ಇರುವುದು 3 ಆದರೆ ಕೊರತೆ 1.5–2. ಮುಂದಿನ ಮಾತೆಲ್ಲ ಈ ಕೊರತೆಯನ್ನು ಯಾವ ಬೆಲೆ ತೆತ್ತು ತುಂಬುವುದು ಎಂಬುದೇ.

ಅಳೆಯುವುದು ಹೇಗೆ? ಎಕ್ಸ್-ರೇ ಸಾಲದು. ಅದರಲ್ಲಿ ಕಾಣುವುದು ಹಲ್ಲುಗಳ ನಡುವಿನ ಮೂಳೆ. ಕೆನ್ನೆಯ ಕಡೆಯದೂ ನಾಲಿಗೆಯ ಕಡೆಯದೂ ಹಲ್ಲಿನ ನೆರಳಲ್ಲಿ ಮುಚ್ಚಿಹೋಗಿರುತ್ತವೆ. ಅದಕ್ಕಾಗಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮಿಲಿಮೀಟರ್ ಗೆರೆಗಳಿರುವ ಪ್ರೋಬ್ ಅನ್ನು ಹಲ್ಲಿಗೆ ಒರಗಿಸಿ ವಸಡಿನೊಳಗೆ ಒತ್ತುತ್ತಾರೆ. ಮೊದಲು ಮೆತ್ತಗೆ ತಡೆಯುತ್ತದೆ, ಅದು ಅಂಟಿದ ಪದರ. ಇನ್ನೂ ಒತ್ತಿದರೆ ನಾರನ್ನು ಹಾದು ಟಕ್ಕನೆ ನಿಲ್ಲುತ್ತದೆ. ಅದು ಮೂಳೆ. ಕೆನ್ನೆಯ ಬದಿಯಲ್ಲಿ ಮೂರು, ಒಳಬದಿಯಲ್ಲಿ ಮೂರು, ಒಟ್ಟು ಆರು ಕಡೆ ಹೀಗೆ ನೋಡಬೇಕು. ಪಕ್ಕದ ಹಲ್ಲುಗಳಲ್ಲೂ ಒಂದೆರಡು ಕಡೆ ಚುಚ್ಚಿ ನೋಡಿದರೆ ಆ ಬಾಯಿಗೆ ಸಹಜವಾದ ಅಳತೆ ಎಷ್ಟೆಂದು ತಿಳಿಯುತ್ತದೆ. ಇದಕ್ಕೆ ಮುಂಚೆಯೇ ಹುಳುಕನ್ನು ಪೂರ್ತಿ ತೆಗೆದು, ಹಳೆಯ ಫಿಲ್ಲಿಂಗ್ ಬಿಚ್ಚಿ ನೋಡಿರಬೇಕು. ಹುಳುಕಿನ ಮೇಲಿಂದ ಅಳೆದ ಅಳತೆಗೆ ಅರ್ಥವಿಲ್ಲ.

ವಸಡನ್ನಷ್ಟೇ ಕತ್ತರಿಸುವುದು

ಎಲ್ಲಕ್ಕಿಂತ ಹಗುರವಾದದ್ದು ಇದು, ತಪ್ಪಾಗಿ ಆಯ್ದುಕೊಳ್ಳುವುದೂ ಇದನ್ನೇ ಹೆಚ್ಚು. ಸರಿಹೋಗಲು ಎರಡು ಷರತ್ತುಗಳು ಒಟ್ಟಿಗೇ ಕೂಡಿಬರಬೇಕು. ವಸಡು ಕತ್ತರಿಸಿದ ಮೇಲೂ ಕ್ಯಾಪ್‌ನ ಅಂಚಿನಿಂದ ಮೂಳೆಗೆ 3 ಮಿ.ಮೀ. ಉಳಿಯಬೇಕು. ಅಂದರೆ ಮೂಳೆ ಮೊದಲೇ ಸಾಕಷ್ಟು ತಗ್ಗಿನಲ್ಲಿದ್ದು, ವಸಡು ಮಾತ್ರ ಉಬ್ಬಿ ಹಲ್ಲಿನ ಮೇಲೆ ಬಂದಿರಬೇಕು. ಎರಡನೆಯದಾಗಿ, ಕತ್ತರಿಸಿದ ನಂತರವೂ ಗಟ್ಟಿಯಾದ, ತಿಳಿಗುಲಾಬಿ ಬಣ್ಣದ ವಸಡು ಕನಿಷ್ಠ 2 ಮಿ.ಮೀ. ಪಟ್ಟಿಯಷ್ಟಾದರೂ ಉಳಿಯಬೇಕು. ಅದನ್ನೂ ಕತ್ತರಿಸಿಬಿಟ್ಟರೆ ಹಲ್ಲಿನ ಬುಡಕ್ಕೆ ತುಟಿಯ ಒಳಭಾಗದಂಥ ಸಡಿಲ ಚರ್ಮ ಬಂದು ನಿಲ್ಲುತ್ತದೆ. ಬ್ರಷ್ ತಾಗಿದರೆ ನೋಯುತ್ತದೆ, ನೋವಿಗೆ ಹೆದರಿ ಅಲ್ಲಿ ಉಜ್ಜುವುದು ತಪ್ಪುತ್ತದೆ, ಹುಳುಕು ಮರಳುತ್ತದೆ.

ಮೊದಲ ಷರತ್ತು ಮೀರಿದರೆ ಏನಾಗುತ್ತದೆ ಎಂಬುದು ಇನ್ನೂ ನೇರ. ಕತ್ತರಿಸಿದ ವಸಡು ಕೆಲವು ತಿಂಗಳಲ್ಲಿ ಮತ್ತೆ ಬೆಳೆದು ಮೊದಲಿನ ಜಾಗಕ್ಕೇ ಬರುತ್ತದೆ, ಏಕೆಂದರೆ ವಸಡು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಮೂಳೆ. ಅಷ್ಟರಲ್ಲಿ ಹೊಸ ಕ್ಯಾಪ್ ಕೂತಿದ್ದರೆ ಅದರ ಅಂಚು ಒಳಗೆ ಸಿಕ್ಕಿಕೊಳ್ಳುತ್ತದೆ.

ಯಾವುದರಿಂದ ಕತ್ತರಿಸುವುದು ಎಂಬುದು ಎರಡನೇ ಮಾತು. ಬ್ಲೇಡ್‌ನ ಕಡಿತ ಸ್ವಚ್ಛ, ರಕ್ತ ಜಾಸ್ತಿ. 810ರಿಂದ 980 ನ್ಯಾನೋಮೀಟರ್ ತರಂಗದ ಡಯೋಡ್ ಲೇಸರ್ ರಕ್ತವನ್ನು ಅಲ್ಲೇ ತಡೆಯುತ್ತದೆ, ಹೊಲಿಗೆ ಬೇಕಿಲ್ಲ. ಆದರೆ ಅದು ಮೂಳೆ ಕತ್ತರಿಸುವ ಸಾಧನವಲ್ಲ. 2,940 ನ್ಯಾನೋಮೀಟರ್‌ನ ಎರ್ಬಿಯಂ ಲೇಸರ್‌ನಂಥವಕ್ಕೆ ಆ ಶಕ್ತಿ ಇದೆ. ‘ಲೇಸರ್‌ನಲ್ಲಿ ಹತ್ತೇ ನಿಮಿಷದ ಕೆಲಸ’ ಎಂದು ಯಾರಾದರೂ ಹೇಳಿದರೆ, ಮೂಳೆಗೆ 3 ಮಿ.ಮೀ. ಇದೆಯೇ, ಅಳೆದು ನೋಡಿದ್ದೀರಾ ಎಂದು ಕೇಳಲೇಬೇಕು. ವಿದ್ಯುತ್ತಿನ ಶಾಖದಿಂದ ಕತ್ತರಿಸುವ ಎಲೆಕ್ಟ್ರೋಕಾಟರಿ ಕೂಡ ರಕ್ತ ತಡೆಯುತ್ತದೆ, ಆದರೆ ಅದರ ತುದಿ ಮೂಳೆಗಾಗಲಿ ಲೋಹದ ಫಿಲ್ಲಿಂಗ್‌ಗಾಗಲಿ ತಾಗಿದರೆ ಒಳಗಿನ ಅಂಗಾಂಶ ಸುಡುತ್ತದೆ. ಪೇಸ್‌ಮೇಕರ್ ಇರುವವರು ಅದನ್ನು ಮೊದಲೇ ತಿಳಿಸಬೇಕು.

ವಸಡು ಬಿಡಿಸಿ ಮೂಳೆ ತಗ್ಗಿಸುವುದು

ಹಿಂದಿನ ಹಲ್ಲುಗಳಲ್ಲಿ ಸಾಮಾನ್ಯವಾಗಿ ಬೇಕಾಗುವುದು ಇದೇ. ಮರಗಟ್ಟಿಸಿ, ವಸಡಿನ ಅಂಚಿಗೆ ಓರೆಯಾಗಿ ಗೀರು ಹಾಕಿ, ಎರಡೂ ಬದಿಯ ವಸಡನ್ನು ಮೂಳೆ ಕಾಣುವಷ್ಟು ಬಿಡಿಸುತ್ತಾರೆ. ಗೀರು ಒಂದು ಹಲ್ಲಿಗೆ ನಿಲ್ಲುವುದಿಲ್ಲ, ಅತ್ತ ಒಂದು, ಇತ್ತ ಒಂದು ಹಲ್ಲಿನವರೆಗೂ ಹೋಗುತ್ತದೆ. ಮೂಳೆಯನ್ನು ಬರ್‌ನಿಂದ (ವೇಗವಾಗಿ ತಿರುಗುವ ಕೊರೆಯುವ ಮೊನೆ) ತೆಳುವಾಗಿಸಿ, ಬೇರಿಗೆ ಅಂಟಿಕೊಂಡಿರುವ ಕೊನೆಯ ಚೂರನ್ನು ಕೈ ಉಳಿಯಿಂದ ತೆಗೆಯುತ್ತಾರೆ. ಬೇರಿನ ಮೇಲೆ ಬರ್ ಓಡಿದರೆ ಅಲ್ಲಿ ಗೀರು ಬಿದ್ದು ಮುಂದೆ ಜುಮ್ಮೆನ್ನುವ ತೊಂದರೆ ತಪ್ಪದು. ಬರ್ ಓಡುವಷ್ಟು ಹೊತ್ತೂ ಸಲೈನ್ ಸುರಿಯುತ್ತಿರಬೇಕು. ಮೂಳೆ 47 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷ ಇದ್ದರೂ ಹಾನಿಯಾಗುತ್ತದೆಂದು ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ತೋರಿಸಿದ್ದರು. ಆಮೇಲೆ ಮತ್ತೆ ಪ್ರೋಬ್‌ನಿಂದ ಅಳೆದು, ಸುತ್ತಲೂ ಬೇಕಾದಷ್ಟು ಆಗಿದೆ ಎಂದು ಖಚಿತವಾದ ಮೇಲೆಯೇ ಹೊಲಿಗೆ. ಈ ಕೊನೆಯ ಅಳತೆಯನ್ನು ಬಿಟ್ಟರೆ ತೆಗೆದ ಮೂಳೆ ಸಾಲದೇ ಉಳಿಯುತ್ತದೆ. ಶಸ್ತ್ರಚಿಕಿತ್ಸೆ ಆದ ಮೇಲೂ ‘ವಸಡು ಮತ್ತೆ ಬಂತು’ ಎನ್ನುವವರಲ್ಲಿ ಹಲವರಿಗೆ ಆಗಿರುವುದು ಇದೇ.

ಇದರ ಬೆಲೆಯನ್ನು ಪಕ್ಕದ ಹಲ್ಲುಗಳೂ ತೆರುತ್ತವೆ. ಮೂಳೆಯ ಅಂಚು ಅಲೆಯಂತೆ ಹಲ್ಲಿನಿಂದ ಹಲ್ಲಿಗೆ ಏರಿಳಿದು ಸಾಗುತ್ತದೆ. ಒಂದು ಹಲ್ಲಿನ ಒಂದೇ ಬದಿಯಲ್ಲಿ ಗುಂಡಿ ತೋಡಿದಂತೆ ತೆಗೆದರೆ ವಸಡು ಆ ಗುಂಡಿಗೆ ಇಳಿಯದೆ ಮೇಲಿಂದಲೇ ಸೇತುವೆಯಂತೆ ಹಾದುಹೋಗುತ್ತದೆ, ಅಡಿಯಲ್ಲಿ ಕೊಳೆ ಕೂರುವ ಪಾಕೆಟ್ ಆಗುತ್ತದೆ. ಹಾಗಾಗಿ ಇಳಿಜಾರು ಹೊಂದಿಸಲು ಪಕ್ಕದ ಆರೋಗ್ಯವಂತ ಹಲ್ಲಿನ ಮೂಳೆಯನ್ನೂ ಸ್ವಲ್ಪ ತೆಗೆಯಲೇಬೇಕು. ಪಕ್ಕದ ಹಲ್ಲಿಗೆ ಈಗಾಗಲೇ ಮೂಳೆ ಸವೆದಿದ್ದರೆ ಈ ದಾರಿಯನ್ನು ಕೈಬಿಡುವುದೇ ಲೇಸು.

ದವಡೆ ಹಲ್ಲಿನಲ್ಲಿ ಇನ್ನೊಂದು ಗಡಿ ಇದೆ: ಬೇರು ಕವಲೊಡೆಯುವ ಜಾಗ. ಕೆಳದವಡೆಯ ಮೊದಲ ದವಡೆ ಹಲ್ಲಿನಲ್ಲಿ, ಎನಾಮಲ್ ಮುಗಿಯುವ ಗೆರೆಯಿಂದ ಕವಲಿಗೆ ಕೆನ್ನೆಯ ಬದಿಯಲ್ಲಿ ಸುಮಾರು 3 ಮಿ.ಮೀ., ನಾಲಿಗೆಯ ಬದಿಯಲ್ಲಿ ಸುಮಾರು 4. ಆರೋಗ್ಯವಂತ ಮೂಳೆಯ ಅಂಚು ಆ ಗೆರೆಯಿಂದ ಹೇಗಿದ್ದರೂ 1.5–2 ಮಿ.ಮೀ. ಕೆಳಗಿರುತ್ತದೆ. ಅಂದರೆ ಕೆನ್ನೆಯ ಬದಿಯ ಕವಲನ್ನು ಮುಚ್ಚಿರುವ ಮೂಳೆ ಬರೀ 1–1.5 ಮಿ.ಮೀ. ಈಗ ಈ ಹಲ್ಲಿನ ಹಿಂಬದಿಯಲ್ಲಿ ಹುಳುಕು ಇಳಿದು ಗಟ್ಟಿ ಅಂಚಿನಿಂದ ಮೂಳೆಗೆ 1.5 ಮಿ.ಮೀ. ಮಾತ್ರ ಉಳಿದಿದೆ ಎನ್ನಿ. ಕೊರತೆ 3–3.5 ಮಿ.ಮೀ. ಹಿಂಬದಿಯಲ್ಲಿ ಅಷ್ಟು ತೆಗೆದು ಕೆನ್ನೆಯ ಬದಿಗೆ ಇಳಿಜಾರು ಹೊಂದಿಸುವಷ್ಟರಲ್ಲಿ ಕವಲು ಬಯಲಾಗಿರುತ್ತದೆ. ಬಯಲಾದ ಕವಲಿನೊಳಗೆ ಬ್ರಷ್ ಹೋಗುವುದಿಲ್ಲ, ಹೊಸ ಕ್ಯಾಪ್‌ನ ಅಡಿಯಲ್ಲೇ ಮೂಳೆ ಕರಗತೊಡಗುತ್ತದೆ. ಅದೇ ಹಲ್ಲಿನಲ್ಲಿ ಉಳಿದಿರುವುದು 3.5 ಮಿ.ಮೀ. ಆಗಿದ್ದು, ಎಕ್ಸ್-ರೇನಲ್ಲಿ ಕವಲು ತಗ್ಗಿನಲ್ಲಿ ಕಂಡರೆ 1–1.5 ಮಿ.ಮೀ. ತೆಗೆಯುವುದು ಯೋಗ್ಯವಾದ ಕೆಲಸ. ಕ್ಯಾಪ್‌ನ ಅಂಚಿಗೂ ಕವಲಿಗೂ ನಡುವೆ 4 ಮಿ.ಮೀ. ಉಳಿಯುವುದು ಸುರಕ್ಷಿತ ಎಂಬುದು ವೈದ್ಯರು ಇಟ್ಟುಕೊಂಡಿರುವ ಲೆಕ್ಕ.

ನಗುವಾಗ ಕಾಣುವ ಮುಂದಿನ ಹಲ್ಲುಗಳಲ್ಲಿ, ಒಂದೇ ಹಲ್ಲಿಗಾಗಿ ಈ ಶಸ್ತ್ರಚಿಕಿತ್ಸೆ ಮಾಡಿಸುವುದು ನಮ್ಮ ದೃಷ್ಟಿಯಲ್ಲಿ ಕೊನೆಯ ಆಯ್ಕೆ. ಆ ಹಲ್ಲು ಪಕ್ಕದವುಗಳಿಗಿಂತ ಉದ್ದ ಕಾಣುತ್ತದೆ, ಹಲ್ಲುಗಳ ನಡುವಿನ ತ್ರಿಕೋನದ ವಸಡು ಕುಸಿದು ಕಪ್ಪು ಸಂದು ಕಾಣುತ್ತದೆ. ಎರಡು ಹಲ್ಲು ಒಂದಕ್ಕೊಂದು ತಾಗುವ ಬಿಂದುವಿನಿಂದ ಮೂಳೆಗೆ 5 ಮಿ.ಮೀ. ಅಥವಾ ಕಡಿಮೆ ಇದ್ದಾಗ ಆ ತ್ರಿಕೋನ ಬಹುತೇಕ ಎಲ್ಲರಲ್ಲೂ ತುಂಬಿಕೊಂಡಿರುತ್ತದೆ. 6 ಆದರೆ ಶೇ. 56, 7 ಆದರೆ ಶೇ. 27 ಕಡೆ ಮಾತ್ರ. ಇದು ಟಾರ್ನೋ ಮತ್ತು ಸಂಗಡಿಗರು 1992ರಲ್ಲಿ ಕೊಟ್ಟ ಅಂಕಿ. ಒಂದೇ ಮಿಲಿಮೀಟರ್ ಮೂಳೆ ಎಷ್ಟು ಬದಲಾವಣೆ ತರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿಲ್ಲ.

ಬೇರನ್ನು ಈಚೆಗೆಳೆಯುವುದು

ಮುಂದಿನ ಹಲ್ಲು ಮುರಿದವರು ಮೊದಲು ಕೇಳಬೇಕಾದ ಆಯ್ಕೆ ಇದು, ಆದರೆ ಬಹಳ ಮಂದಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ರೂಟ್ ಕೆನಾಲ್ ಮುಗಿಸಿ, ಬೇರಿನೊಳಗೆ ಕೊಕ್ಕೆ ಕೂರಿಸಿ, ಪಕ್ಕದ ಹಲ್ಲುಗಳಿಗೆ ಅಂಟಿಸಿದ ತಂತಿಯಿಂದ ಎಲಾಸ್ಟಿಕ್ ಕಟ್ಟಿ ಹಗುರವಾಗಿ ಎಳೆಯುತ್ತಾರೆ. ಒಂದು ಬೇರಿನ ಹಲ್ಲಿಗೆ ಕೆಲವೇ ಹತ್ತು ಗ್ರಾಂ ಬಲ ಸಾಕು. ವಾರಕ್ಕೆ ಸುಮಾರು 1 ಮಿ.ಮೀ. ಬರುತ್ತದೆ. ಪಕ್ಕದ ಹಲ್ಲಿನ ಮೂಳೆಯನ್ನು ಯಾರೂ ಮುಟ್ಟುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮೇಲಿನ ನಡುಹಲ್ಲಿನ ಬೇರು ಸರಾಸರಿ 13 ಮಿ.ಮೀ., ಹೊರಗೆ ಕಾಣುವ ಹಲ್ಲು ಸುಮಾರು 10.5 ಮಿ.ಮೀ. ಬೇರಿನಲ್ಲಿ 11 ಮಿ.ಮೀ. ಮೂಳೆಯೊಳಗೆ, 2 ಮಿ.ಮೀ. ಹೊರಗೆ ಎಂದಿಟ್ಟುಕೊಳ್ಳಿ. ಕೊರತೆ 2.5 ಮಿ.ಮೀ. ಮೂಳೆ ತೆಗೆದರೆ ಒಳಗೆ 8.5, ಕ್ಯಾಪ್ ಸಮೇತ ಹೊರಗೆ 15. ಬೇರನ್ನು ಎಳೆದರೂ ಒಳಗೆ ಉಳಿಯುವುದು ಅದೇ 8.5. ಆದರೆ ಹೊರಗಿನದು 12.5ರಲ್ಲೇ ನಿಲ್ಲುತ್ತದೆ, ಏಕೆಂದರೆ ಮೂಳೆಯೂ ಕಚ್ಚುವ ತುದಿಯೂ ಇದ್ದಲ್ಲೇ ಇವೆ. ಹೊರಗಿನ ಭಾಗ ಉದ್ದವಾದಷ್ಟೂ ಬೇರಿನ ಮೇಲೆ ಸನ್ನೆಕೋಲಿನ ಹೊಡೆತ ಹೆಚ್ಚು. ಈ 2.5 ಮಿ.ಮೀ. ವ್ಯತ್ಯಾಸವೇ ಇಡೀ ಹೋಲಿಕೆಯ ತಿರುಳು.

ಇದರಲ್ಲೂ ತಪ್ಪುವ ಕಡೆಗಳಿವೆ. ನಿಧಾನವಾಗಿ ಎಳೆದರೆ ಮೂಳೆಯೂ ವಸಡೂ ಬೇರಿನ ಜೊತೆಗೇ ಬಂದುಬಿಡುತ್ತವೆ. ಅದನ್ನು ತಡೆಯಲು ವಾರ, ಎರಡು ವಾರಕ್ಕೊಮ್ಮೆ ಹಲ್ಲಿನ ಸುತ್ತಲ ನಾರುಗಳನ್ನು ಬ್ಲೇಡ್‌ನಿಂದ ಬಿಡಿಸುತ್ತಾರೆ, ಅಥವಾ ಕೊನೆಯಲ್ಲಿ ಆ ಒಂದು ಹಲ್ಲಿಗಷ್ಟೇ ಸಣ್ಣ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಎಳೆದು ಮುಗಿದ ಕೂಡಲೇ ತಂತಿ ಬಿಚ್ಚಿದರೆ ಬೇರು ಮರಳಿ ಒಳಗೆ ಹೋಗುತ್ತದೆ, ಆದ್ದರಿಂದ ವಾರಗಟ್ಟಲೆ ಹಾಗೇ ಕಟ್ಟಿ ಇಡಬೇಕು. ಎಳೆದದ್ದು ಹೆಚ್ಚಾದಷ್ಟೂ ಕಟ್ಟಿಡುವ ಕಾಲವೂ ಹೆಚ್ಚು. ಬೇರು ತುದಿಗೆ ಹೋದಂತೆ ಸಣ್ಣಗಾಗುವುದರಿಂದ ಈಚೆಗೆ ಬಂದ ಕುತ್ತಿಗೆ ಕಿರಿದಾಗಿರುತ್ತದೆ, ಕ್ಯಾಪ್‌ನ ಆಕಾರವನ್ನು ಜಾಣತನದಿಂದ ಹೊಂದಿಸಬೇಕು. ಬೇರು ಮೂಳೆಗೇ ಬೆಸೆದುಹೋಗಿದ್ದರೆ, ಉದ್ದುದ್ದ ಸೀಳಿದ್ದರೆ, ಮೊದಲೇ ಗಿಡ್ಡವಾಗಿದ್ದರೆ ಇದು ಆಗುವುದಿಲ್ಲ. ಕವಲು ಬೇರಿನ ದವಡೆ ಹಲ್ಲಿಗೂ ಅಷ್ಟಾಗಿ ಒಗ್ಗದು, ಎಳೆದರೆ ಕವಲೇ ಈಚೆಗೆ ಬರುತ್ತದೆ. ತಿಂಗಳುಗಟ್ಟಲೆ ಕಾಯಲಾಗದವರಿಗೆ ಬೇರನ್ನು ಒಂದೇ ಸಲಕ್ಕೆ ಸಡಿಲಿಸಿ ಈಚೆಗೆ ತಂದು ಹೊಲಿದು ನಿಲ್ಲಿಸುವ ವಿಧಾನವೂ ಇದೆ. ಅದರಲ್ಲಿ ಬೇರು ಮುಂದೆ ಕರಗುವ ಅಪಾಯವನ್ನು ಒಪ್ಪಿಕೊಂಡೇ ಇಳಿಯಬೇಕು.

ಅಂಚನ್ನೇ ಎತ್ತರಿಸುವುದು

ಶಸ್ತ್ರಚಿಕಿತ್ಸೆಯೇ ಇಲ್ಲದೆ, ವಸಡಿನೊಳಗಿರುವ ಅಂಚಿನ ಮೇಲೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಹಾಕಿ ಅದನ್ನು ವಸಡಿನ ಮಟ್ಟಕ್ಕೆ ತಂದು, ಅದರ ಮೇಲೆ ಆನ್‌ಲೇ (ಹಲ್ಲಿನ ಒಂದು ಭಾಗವನ್ನಷ್ಟೇ ಮುಚ್ಚುವ ಹೊದಿಕೆ) ಅಥವಾ ಕ್ಯಾಪ್ ಕೂರಿಸುವುದಕ್ಕೆ ಡೀಪ್ ಮಾರ್ಜಿನ್ ಎಲಿವೇಶನ್ ಎನ್ನುತ್ತಾರೆ. ಹಲ್ಲಿನ ಒಂದು ಬದಿಯಲ್ಲಿ ಮಾತ್ರ ಆಳವಾಗಿದ್ದು, ಉಳಿದ ಗೋಡೆಗಳು ಗಟ್ಟಿಯಾಗಿದ್ದು, ಅಂಚಿನಿಂದ ಮೂಳೆಗೆ 2 ಮಿ.ಮೀ.ಗಿಂತ ಹೆಚ್ಚು ಇದ್ದರೆ ಇದು ಒಳ್ಳೆಯ ಆಯ್ಕೆ. ಆದರೆ ಎಂಜಲು, ರಕ್ತ ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕಟ್ಟಲು ಆಗಲೇಬೇಕು, ಫಿಲ್ಲಿಂಗ್‌ಗೆ ಅಚ್ಚಿನಂತೆ ಸುತ್ತುವ ಮ್ಯಾಟ್ರಿಕ್ಸ್ ಪಟ್ಟಿ ಅಂಚಿಗೆ ಸಂದಿಲ್ಲದಂತೆ ಕೂರಲೇಬೇಕು. ಒಂದು ಹನಿ ರಕ್ತ ನುಗ್ಗಿದರೂ ಅಂಟು ಹಿಡಿಯುವುದಿಲ್ಲ, ಅಲ್ಲಿಂದಲೇ ಹುಳುಕು ಮರಳುತ್ತದೆ. ಅಷ್ಟು ಆಳದಲ್ಲಿ ಎನಾಮಲ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅಂಟು ಮೊದಲೇ ದುರ್ಬಲ. ಎತ್ತರಿಸಿದ ಕಾಂಪೋಸಿಟ್ ಫೆರುಲ್ ಲೆಕ್ಕಕ್ಕೆ ಬರುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಕ್ಯಾಪ್ ಅಪ್ಪಬೇಕಾದದ್ದು ಹಲ್ಲನ್ನು, ಫಿಲ್ಲಿಂಗನ್ನಲ್ಲ. ಸುತ್ತಲೂ ಮುರಿದ ಹಲ್ಲಿಗೆ ಇದು ಪರಿಹಾರವಲ್ಲ.

ಕೀಳಿಸುವುದು

ಕವಲು ಬಯಲಾಗುತ್ತದೆ, ಬೇರು ಗಿಡ್ಡ, ಮೂಳೆ ಅರ್ಧ ಸವೆದಿದೆ, ಅಥವಾ ಬೇರು ಸೀಳಿದೆ ಎಂದಾದರೆ ರೂಟ್ ಕೆನಾಲ್, ಪೋಸ್ಟ್, ಶಸ್ತ್ರಚಿಕಿತ್ಸೆ, ಕ್ಯಾಪ್ ಎಂದು ಒಂದರ ಮೇಲೊಂದು ಹೇರಿ ಆ ಹಲ್ಲಿಗೆ ಜೋತುಬೀಳಬಾರದು. ಇಂಪ್ಲಾಂಟ್‌ಗೆ ಮೂಳೆ ಬೇಕು. ಅಲ್ಲಿ ಇರುವ ಮೂಳೆಯನ್ನು ಉಳಿಯದ ಹಲ್ಲಿಗಾಗಿ ಕೆತ್ತಿ ಕಳೆದರೆ ಮುಂದೆ ಅದಕ್ಕೂ ತೊಂದರೆ.

ಅನುಕ್ರಮ, ಕಾಯುವಿಕೆ, ಎಚ್ಚರ

ಮೊದಲು ಹುಳುಕು ತೆಗೆಯುವುದು, ಆಮೇಲೆ ರೂಟ್ ಕೆನಾಲ್, ತಾತ್ಕಾಲಿಕ ಕ್ಯಾಪ್, ಅದಾದ ಮೇಲೆ ಶಸ್ತ್ರಚಿಕಿತ್ಸೆ. ತಾತ್ಕಾಲಿಕ ಕ್ಯಾಪ್ ಮೊದಲೇ ಇದ್ದರೆ ಶಸ್ತ್ರಚಿಕಿತ್ಸೆಯ ದಿನ ಅದನ್ನು ತೆಗೆದು ಹಲ್ಲುಗಳ ನಡುವೆ ಸುಲಭವಾಗಿ ಕೆಲಸ ಮಾಡಬಹುದು, ಕೊನೆಯ ಅಂಚು ಎಲ್ಲಿ ಬರುತ್ತದೆ ಎಂಬುದೂ ಕಣ್ಣೆದುರೇ ಇರುತ್ತದೆ.

ಹೊಲಿಗೆ ಬಿಚ್ಚುವುದು 7ರಿಂದ 14 ದಿನದೊಳಗೆ. ಅಲ್ಲಿಯವರೆಗೆ ಆ ಜಾಗಕ್ಕೆ ಬ್ರಷ್ ತಾಗಿಸದೆ, ದಿನಕ್ಕೆರಡು ಸಲ 0.12 ಅಥವಾ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಬೇಕು. ಪೇಸ್ಟ್ ಹಾಕಿ ಉಜ್ಜಿದ ಕೂಡಲೇ ಮುಕ್ಕಳಿಸಿದರೆ ಪೇಸ್ಟ್‌ನಲ್ಲಿರುವ ನೊರೆಯ ಅಂಶ ಅದರ ಬಲವನ್ನು ಕುಗ್ಗಿಸುತ್ತದೆ, ನಡುವೆ ಅರ್ಧ ಗಂಟೆ ಬಿಡಿ. ಹಲ್ಲಿಗೆ ಕಂದು ಕಲೆ ಕೂರಬಹುದು, ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ಮೊದಲೆರಡು ದಿನ ಊತ ಏರುವುದು ಸಹಜ. ಮೂರನೇ ದಿನದ ನಂತರವೂ ಊತ, ನೋವು ಏರುತ್ತಲೇ ಇದ್ದರೆ, ಕೀವು ಬಂದರೆ ತಡಮಾಡದೆ ತೋರಿಸಬೇಕು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿಯೇ ಅದನ್ನು ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನು ಕೇಳಬೇಕು. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಬಿಸ್‌ಫಾಸ್ಫೊನೇಟ್, ಡೆನೊಸುಮ್ಯಾಬ್ ತೆಗೆದುಕೊಂಡವರಲ್ಲಿ ದವಡೆ ಮೂಳೆ ಕೆತ್ತಿದರೆ ಅದು ವಾಸಿಯಾಗದೆ ಉಳಿಯುವ ಅಪಾಯವಿದೆ, ಹಾಗಾಗಿ ಇದನ್ನು ಮುಚ್ಚಿಡಬಾರದು. ಹೃದಯದ ಕವಾಟ ಬದಲಿಸಿಕೊಂಡವರೂ ಮೊದಲೇ ಹೇಳಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಅದನ್ನು ಹತೋಟಿಗೆ ತಂದ ಮೇಲೆ ಮುಂದುವರಿಯುವುದು ಸರಿ. ಸಿಗರೇಟ್ ಸೇದುವವರಲ್ಲಿ ಗಾಯ ಮಾಯುವುದು ನಿಧಾನ.

ಕಾಯಂ ಕ್ಯಾಪ್‌ಗೆ ಅಳತೆ ತೆಗೆಯುವುದು ಹಿಂದಿನ ಹಲ್ಲುಗಳಲ್ಲಿ 6ರಿಂದ 8 ವಾರದ ನಂತರ. ಮುಂದಿನ ಹಲ್ಲುಗಳಲ್ಲಿ 3ರಿಂದ 6 ತಿಂಗಳು. ವಸಡು ಇಷ್ಟೂ ಕಾಲ ಸೂಕ್ಷ್ಮವಾಗಿ ಸರಿಯುತ್ತಲೇ ಇರುತ್ತದೆ: ದಪ್ಪ ವಸಡು ಹಲ್ಲಿನ ಮೇಲಕ್ಕೆ ಮರಳುತ್ತದೆ, ತೆಳು ವಸಡು ಇನ್ನಷ್ಟು ಹಿಂದೆ ಹೋಗಬಹುದು. ಮೂರನೇ ವಾರಕ್ಕೇ ಅಂಚು ನಿಗದಿಪಡಿಸಿ ಕ್ಯಾಪ್ ಕೂರಿಸಿದರೆ, ಆರು ತಿಂಗಳ ನಂತರ ಕನ್ನಡಿಯಲ್ಲಿ ಕಾಣುವುದು ಬೇರೆಯೇ ಗೆರೆ. ಆ ಅವಧಿಯಲ್ಲಿ ತಾತ್ಕಾಲಿಕ ಕ್ಯಾಪ್‌ನ ಅಂಚು ವಸಡಿಗೆ ತಾಗದಂತೆ ಸುಮಾರು 1 ಮಿ.ಮೀ. ದೂರವೇ ಇರಲಿ. ಆಹಾರ ಸಿಕ್ಕುತ್ತದೆಂದು ಅದನ್ನು ವಸಡಿನೊಳಗೆ ತಳ್ಳಿ ಕೂರಿಸಲು ಕೇಳಬೇಡಿ.